ಒಳಲೆಯಿಂದ ಬಟ್ಟಲಿಗೆ

ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ಒಳಲೆಯಿಂದ ಹಾಲೆರೆಯುವುದು ನಮ್ಮ ಮನೆಗಳಲ್ಲಿ ಅಜ್ಜಿಯರ ಕಾಲದಿಂದ ಬಂದ ರೂಢಿ. ಆರು ತಿಂಗಳು ತುಂಬುವವರೆಗೆ ತಾಯಿಹಾಲೊಂದೇ ಸಾಕು, ನೀರೂ ಬೇಡ. ಅನಂತರ ಮೆತ್ತನೆಯ ಆಹಾರದೊಡನೆ ಬಟ್ಟಲನ್ನೂ ರೂಢಿ ಮಾಡಿಸಬಹುದು.

ನಾವು ಒತ್ತಿ ಹೇಳಬಯಸುವುದು ಇಷ್ಟೇ: ಬಾಯಿಗೆ ಸುರಿಯಬಾರದು. ಮಲಗಿದ ಕೂಸಿಗೆ ಸುರಿದ ಹಾಲು ಶ್ವಾಸನಾಳಕ್ಕೆ ಇಳಿಯುವ ಭಯವುಂಟು. ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು, ಚಿಕ್ಕ ಬಟ್ಟಲಿನ ಅಂಚನ್ನು ಕೆಳತುಟಿಗೆ ತಾಗಿಸಿ, ಕುದಿಸಿ ಆರಿಸಿದ ನೀರಾಗಲಿ ಹಿಂಡಿದ ತಾಯಿಹಾಲಾಗಲಿ ತುಟಿಯನ್ನು ಮುಟ್ಟುವಷ್ಟು ಮಾತ್ರ ಬಾಗಿಸಬೇಕು. ಹೀರುವ ಕೆಲಸ ಕೂಸಿನದು. ಅದು ಮುಖ ತಿರುಗಿಸಿದರೆ ಅಂದಿಗೆ ಸಾಕು.

ಮೊದಮೊದಲು ಗುಟುಕಿಗಿಂತ ಎದೆಯ ಮೇಲೆ ಚೆಲ್ಲುವುದೇ ಹೆಚ್ಚು. ಪ್ರಸಾದದ ಹನಿಯೂ ವ್ಯರ್ಥವಾಗಬಾರದೆಂದು ಬಾಳಿದ ಹಿರಿಯರಿಗೆ ಇದು ಕಸಿವಿಸಿಯೇ ಸರಿ. ಕೂಸನ್ನು ಗದರಿಸುವ ಬದಲು ಬಟ್ಟಲಿಗೆ ಎರಡೇ ಚಮಚ ಹಾಕಿದರಾಯಿತು.

ಬಾಟಲಿಯೇ ಸುಲಭವೆನ್ನುವವರುಂಟು. ಅದರ ರಬ್ಬರ್ ತೊಟ್ಟಿನ ಸಂದಿಯಲ್ಲಿ ಉಳಿದ ಹಾಲು ರೋಗಾಣುಗಳಿಗೆ ಆಶ್ರಯವಾಗಿ ಭೇದಿಗೆ ಕಾರಣವಾಗುತ್ತದೆ. ಹಾಲುಣಿಸುವ ಬಾಟಲಿಗಳ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾಯಿದೆಯೇ ನಿಷೇಧಿಸಿದೆ. ಸ್ಟೀಲಿನ ಬಟ್ಟಲಿಗೆ ಸಂದಿಯಿಲ್ಲ, ಸೋಪು ಹಚ್ಚಿ ತೊಳೆದು ಬಿಸಿನೀರಿನಲ್ಲಿ ಅದ್ದಿದರೆ ಮತ್ತೆ ಬಳಕೆಗೆ ಸಿದ್ಧ.