ಹೃದಯಾಲಯದ ಗೇಟಿನ ಒಳಗೆ ನಕ್ಷೆ ಇದೆ, ಹೊರಗೆ?
ಬೊಮ್ಮಸಂದ್ರ ಬೆಳೆದದ್ದು ಹೇಗೆ, ಬೆಳೆದ ಮೇಲೆ ನೀರು-ದಾರಿ ಕೇಳುವವರು ಯಾರು?

ಹೊಸೂರು ರಸ್ತೆ ಬಸ್ಸಿನಲ್ಲಿ ಬೆಳಗಿನ ಹೊತ್ತು ಕಂಬಿ ಹಿಡಿದು ನಿಂತು ಹೋಗುವವರಿಗೆ ಈ ಕೂಗು ಹೊಸದೇನಲ್ಲ. ಎಲೆಕ್ಟ್ರಾನಿಕ್ ಸಿಟಿ ದಾಟಿ, ಹೆಬ್ಬಗೋಡಿಯೂ ಹಿಂದಾಗುತ್ತಿದ್ದಂತೆ ಕಂಡಕ್ಟರ್ ಬಾಗಿಲ ಕಡೆಯಿಂದ "ಹೃದಯಾಲಯ ಯಾರ್ರೀ, ಮುಂದೆ ಬನ್ರೀ" ಎಂದು ಕೂಗುತ್ತಾನೆ. ಆಗ ಎದ್ದು ನಿಲ್ಲುವವರನ್ನು ನೋಡಿದರೆ ಸಾಕು, ಕೇಳಬೇಕಾದ್ದೇ ಇಲ್ಲ. ಕೈಯಲ್ಲಿ ಎಕ್ಸ್‌ರೇ ಕವರು, ಹೆಗಲಲ್ಲಿ ಬಟ್ಟೆ ಚೀಲ, ಜತೆಯಲ್ಲಿ ತಮ್ಮನೋ ಮಗನೋ. ಮಂಡ್ಯದ ಕಡೆಯವರು, ರಾಯಚೂರಿನವರು, ಗಡಿಯಾಚೆ ಕೃಷ್ಣಗಿರಿಯವರು. ಕನ್ನಡ ಒಂದಕ್ಷರ ಬಾರದೆ ಕಂಡಕ್ಟರ್ ಮುಖವನ್ನೇ ನೋಡುವ ಬಂಗಾಳದವರೂ ಇದ್ದೇ ಇರುತ್ತಾರೆ.

ಅವರೆಲ್ಲ ಇಳಿಯುವುದು ಬೊಮ್ಮಸಂದ್ರದಲ್ಲಿ. ಹೆಸರಿಗೆ ಕೈಗಾರಿಕಾ ಪ್ರದೇಶ. ಆದರೆ ಹೊರ ರಾಜ್ಯದ ಸಾವಿರಾರು ಮಂದಿಗೆ ಬೆಂಗಳೂರು ಎಂದರೆ ವಿಧಾನಸೌಧವೂ ಅಲ್ಲ, ಲಾಲ್‌ಬಾಗೂ ಅಲ್ಲ, ಬೊಮ್ಮಸಂದ್ರವೇ ಬೆಂಗಳೂರು.

ಕಾರ್ಖಾನೆಗಳ ನಡುವೆ ಆಸ್ಪತ್ರೆ

ಕಿನ್ನಿಗೋಳಿಯಲ್ಲಿ ಹುಟ್ಟಿದ ಡಾ. ದೇವಿ ಶೆಟ್ಟಿ ಕಲ್ಕತ್ತೆಯ ಬಿ.ಎಂ. ಬಿರ್ಲಾ ಹೃದಯ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಮದರ್ ತೆರೇಸಾ ಅವರಿಗೂ ಚಿಕಿತ್ಸೆ ನೀಡಿ, ಬೆಂಗಳೂರಿಗೆ ಬಂದವರು. 2001ರಲ್ಲಿ ನಾರಾಯಣ ಹೃದಯಾಲಯ ಬೊಮ್ಮಸಂದ್ರದಲ್ಲಿ ಬಾಗಿಲು ತೆರೆದಾಗ, ಹೃದಯದ ಆಪರೇಷನ್ನಿಗೆ ಈ ಕಾರ್ಖಾನೆಗಳ ನಡುವೆ ಯಾರು ಬರುತ್ತಾರೆ ಎಂದು ಕೇಳಿದರೆ ತಪ್ಪೇನೂ ಇರಲಿಲ್ಲ. ಆಗ ಹೊಸೂರು ರಸ್ತೆಗೆ ಮೇಲ್ಸೇತುವೆ ಇರಲಿಲ್ಲ. ಬೊಮ್ಮನಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು 10 ಕಿಲೋಮೀಟರಿನ ಎತ್ತರದ ರಸ್ತೆ ತೆರೆದದ್ದು 2010ರ ಜನವರಿಯಲ್ಲಿ. ಅಲ್ಲಿವರೆಗೆ ಲಾರಿಗಳ ಸಾಲಿನ ಹಿಂದೆಯೇ ಆಂಬ್ಯುಲೆನ್ಸೂ ತೆವಳಬೇಕಾಗಿತ್ತು.

ಬಂದರು, ಬಂದೇ ಬಂದರು. ಕಾರಣ ಒಂದೇ, ರೇಟು. ಅದರ ಹಿಂದಿನ ಲೆಕ್ಕ ಕಿರಾಣಿ ಅಂಗಡಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಮೂಟೆ ಕೊಂಡರೆ ಒಂದು ಬೆಲೆ, ನೂರು ಮೂಟೆ ಕೊಂಡರೆ ಇನ್ನೊಂದು. ಕೋಟಿಗಟ್ಟಲೆ ಕೊಟ್ಟು ತಂದ ಯಂತ್ರ ದಿನಕ್ಕೆ ಎರಡು ರೋಗಿಗೆ ಓಡಿದರೆ ಖರ್ಚೆಲ್ಲ ಆ ಇಬ್ಬರ ತಲೆ ಮೇಲೆ. ಇಪ್ಪತ್ತು ರೋಗಿಗೆ ಓಡಿದರೆ ತಲಾ ಖರ್ಚು ಇಳಿಯುತ್ತದೆ, ಕೈಯೂ ಪಳಗುತ್ತದೆ. 2008ನೇ ಇಸವಿ ಒಂದರಲ್ಲೇ ಇಲ್ಲಿ 3,174 ಬೈಪಾಸ್ ಆಪರೇಷನ್ ಆದವು. ಅಮೆರಿಕದ ಹೆಸರಾಂತ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಆ ವರ್ಷ ಆದದ್ದರ ಎರಡರಷ್ಟಕ್ಕೂ ಹೆಚ್ಚು. ಅಮೆರಿಕದ ಪತ್ರಿಕೆಯೊಂದು ಡಾಕ್ಟರನ್ನು ಕಾರು ಕಾರ್ಖಾನೆಯ ಹೆನ್ರಿ ಫೋರ್ಡನಿಗೆ ಹೋಲಿಸಿತು. ಸುತ್ತಮುತ್ತ ಕಾರ್ಖಾನೆಗಳೇ ಇರುವ ಜಾಗದಲ್ಲಿ ಆ ಹೋಲಿಕೆ ಸಲೀಸಾಗಿಯೇ ಕೂತಿತು ಅನ್ನಿ.

2009ರಲ್ಲಿ ಪಕ್ಕದಲ್ಲೇ ಮಜುಂದಾರ್-ಶಾ ಹೆಸರಿನ ಕ್ಯಾನ್ಸರ್ ಆಸ್ಪತ್ರೆ ಬಂತು. 1,400 ಹಾಸಿಗೆಯ ಯೋಜನೆ. ಹೆಬ್ಬಗೋಡಿಯಲ್ಲೇ ಬಯೋಕಾನ್ ಕಟ್ಟಿ ಬೆಳೆಸಿದ ಕಿರಣ್ ಮಜುಂದಾರ್-ಶಾ ಅದಕ್ಕೆ ಹೆಗಲು ಕೊಟ್ಟರು. ಕಣ್ಣಿಗೆ, ಮೂಳೆಗೆ, ಕಿಡ್ನಿಗೆ ಎಂದು ಒಂದೊಂದೇ ವಿಭಾಗ ಸೇರಿ ಹೃದಯಾಲಯ 'ಹೆಲ್ತ್ ಸಿಟಿ' ಆಯಿತು. 2016ರ ಜನವರಿಯಲ್ಲಿ ಕಂಪನಿಯ ಷೇರು ಪೇಟೆಗೂ ಬಂತು. ಬಸ್ ಕಂಡಕ್ಟರಿಗೆ ಮಾತ್ರ ಅದು ಇಂದಿಗೂ ಹೃದಯಾಲಯವೇ.

ತಿಂಗಳಿಗೆ ಐದು ರೂಪಾಯಿ

ಬೊಮ್ಮಸಂದ್ರದ ಹೆಸರು ಹಳ್ಳಿಹಳ್ಳಿಗೆ ಹೋದದ್ದು ಷೇರಿನಿಂದಲ್ಲ, ಯಶಸ್ವಿನಿಯಿಂದ. ಸಹಕಾರ ಸಂಘದ ರೈತ ತಿಂಗಳಿಗೆ ಐದೇ ರೂಪಾಯಿ ಕಟ್ಟಿದರೆ ದೊಡ್ಡ ಆಪರೇಷನ್ ಆಗಬೇಕು ಎಂಬ ಯೋಚನೆಗೆ ದೇವಿ ಶೆಟ್ಟರೂ ಕಾರಣರು. ಎಸ್.ಎಂ. ಕೃಷ್ಣ ಅವರ ಸರ್ಕಾರದಲ್ಲಿ ಸಹಕಾರ ಇಲಾಖೆ ಅದನ್ನು ಕೈಗೆತ್ತಿಕೊಂಡು 2003ರ ಜೂನ್‌ನಿಂದ ಜಾರಿ ಮಾಡಿತು. ಮೊದಲ ವರ್ಷವೇ 16 ಲಕ್ಷ ಮಂದಿ ಹೆಸರು ಬರೆಸಿದರು. ಹಾಲಿನ ಡೇರಿಗೆ ಹಾಲು ಹಾಕುವವನೂ ಚೀಟಿ ತೋರಿಸಿ ಹೃದಯ ತೆರೆಸಿಕೊಂಡು ಮನೆಗೆ ಹೋದ. 2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಿ ನಿಲ್ಲಿಸಿದರು. ಹಳ್ಳಿಗಳ ಒತ್ತಾಯ ನಿಲ್ಲಲಿಲ್ಲ. 2023ರ ಜನವರಿಯಿಂದ ಮತ್ತೆ ಶುರುವಾಯಿತು. ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಎಂಬುದು ಹೊಸ ಲೆಕ್ಕ.

ಸ್ಟವ್ ಇರುವ ರೂಮು

ಒಬ್ಬ ರೋಗಿಯ ಹಿಂದೆ ಇಬ್ಬರು ಬರುತ್ತಾರೆ. ರೋಗಿಗೆ ಹಾಸಿಗೆ ಸಿಗುತ್ತದೆ. ಆ ಇಬ್ಬರು ಎಲ್ಲಿ ಮಲಗಬೇಕು, ಏನು ಉಣ್ಣಬೇಕು?

ಈ ಒಂದು ಪ್ರಶ್ನೆಯ ಮೇಲೆ ಬೊಮ್ಮಸಂದ್ರದ ಅರ್ಧ ವ್ಯಾಪಾರ ನಿಂತಿದೆ. ಗೇಟಿನ ಹೊರಗಿನ ರಸ್ತೆಗಳಲ್ಲಿ ಲಾಡ್ಜಿನ ಮೇಲೆ ಲಾಡ್ಜು. ಬೋರ್ಡಿನಲ್ಲಿ ಕನ್ನಡ, ಇಂಗ್ಲಿಷು, ಅದರ ಕೆಳಗೆ ಬಂಗಾಳಿ. ದಿನದ ಬಾಡಿಗೆಯ ರೂಮಿನಲ್ಲಿ ಅಡುಗೆಗೆ ಸ್ಟವ್ ಇದೆಯಾ ಎಂಬುದೇ ಮೊದಲ ಮಾತು. ಮೀನು ಸಾರು, ಅನ್ನ ಇಲ್ಲದೆ ಆ ಜನಕ್ಕೆ ಊಟ ಊಟವಲ್ಲ. ಅದಕ್ಕೆ ತಕ್ಕಂತೆ ಮೀನಿನಂಗಡಿ, ಸಾಸಿವೆ ಎಣ್ಣೆ, ಫೋನ್ ರೀಚಾರ್ಜು, ಹಣ ಕಳಿಸುವ ಅಂಗಡಿ, ಔಷಧಿ ಅಂಗಡಿ, ರೈಲು ಟಿಕೆಟ್ ಏಜೆಂಟು. ಕನ್ನಡದ ಅಂಗಡಿಯವರೂ 'ಕೊತೊ' ಎಂದರೆ ಎಷ್ಟು ಎಂಬಷ್ಟು ಬಂಗಾಳಿ ಕಲಿತಿದ್ದಾರೆ. ವ್ಯಾಪಾರ ಕಲಿಸದ ಭಾಷೆ ಯಾವುದಿದೆ!

ಜತೆಗೆ ಬಂದವರನ್ನು ಬರೀ ಕಾಯುವವರು ಅಂದುಕೊಳ್ಳಬಾರದು ಎಂಬುದನ್ನೂ ತೋರಿಸಿದ್ದು ಇದೇ ಆವರಣ. ಹತ್ತು ಹನ್ನೆರಡು ವರ್ಷದ ಹಿಂದೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇಲ್ಲಿಗೆ ಬಂದು, ರೋಗಿಯ ಮನೆಯವರಿಗೇ ಪಾಠ ಹೇಳುವ ಕ್ರಮ ಶುರು ಮಾಡಿದರು. ಕೈ ಹೇಗೆ ತೊಳೆಯಬೇಕು, ಗಾಯ ಹೇಗೆ ನೋಡಿಕೊಳ್ಳಬೇಕು, ಮಾತ್ರೆ ಯಾವಾಗ ಕೊಡಬೇಕು, ಯಾವ ಲಕ್ಷಣ ಕಂಡರೆ ಓಡಿ ಬರಬೇಕು, ಇಷ್ಟೇ ಪಾಠ. ಅದೇ ಮುಂದೆ ನೂರಾ ಹೆಲ್ತ್ ಎಂಬ ಸಂಸ್ಥೆಯಾಗಿ ಬೇರೆ ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಿಗೂ ಹೋಯಿತು. ಸ್ಟವ್ ಇರುವ ಆ ರೂಮಿನಲ್ಲೇ ಆಪರೇಷನ್ ನಂತರದ ಅರ್ಧ ಶುಶ್ರೂಷೆ ನಡೆಯುವುದು ಎಂಬುದನ್ನು ಲಾಡ್ಜಿನವರೂ ನೆನಪಿಟ್ಟರೆ ಒಳ್ಳೆಯದು.

ಈ ವ್ಯಾಪಾರ ಎಷ್ಟು ತೆಳು ದಾರದ ಮೇಲಿದೆ ಎಂಬುದಕ್ಕೆ 2024ನೇ ವರ್ಷ ಸಾಕ್ಷಿ. ಆಗಸ್ಟ್‌ನಲ್ಲಿ ಬಾಂಗ್ಲಾದೇಶದಲ್ಲಿ ಸರ್ಕಾರ ಉರುಳಿತು, ಭಾರತದ ವೀಸಾ ಕೊಡುವುದು ಬಿಗಿಯಾಯಿತು. ಢಾಕಾದಲ್ಲಿ ವೀಸಾ ಕಿಟಕಿ ಮುಚ್ಚಿದರೆ ಆನೇಕಲ್ ತಾಲ್ಲೂಕಿನಲ್ಲಿ ರೂಮು ಖಾಲಿ ಬೀಳಬಹುದು ಎಂದು ಇಪ್ಪತ್ತೈದು ವರ್ಷದ ಹಿಂದೆ ಹೇಳಿದ್ದರೆ ಯಾರು ನಂಬುತ್ತಿದ್ದರು?

ಹಳದಿ ಗೆರೆ

2025ರ ಆಗಸ್ಟ್ 10ರಂದು ಮೆಟ್ರೊ ಹಳದಿ ಮಾರ್ಗ ಉದ್ಘಾಟನೆಯಾಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರ್ ಚಿಲ್ಲರೆ, 16 ನಿಲ್ದಾಣ. ಸಿಲ್ಕ್ ಬೋರ್ಡಿನಲ್ಲಿ ಆಯಸ್ಸು ಸವೆಸಿದವರಿಗೆ ಇದು ಹಬ್ಬ. ಮೊದಲಿಗೆ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಆಮೇಲೆ ರೈಲು ಸೇರಿದ ಹಾಗೆ ಕಾಯುವ ಹೊತ್ತು ಇಳಿಯುತ್ತಾ ಬಂತು. ತಮಾಷೆ ನೋಡಿ: ಈ ಮಾರ್ಗದ ಮೊದಲ ರೈಲು ಚೀನಾದಿಂದ ಬಂತು, ಆಮೇಲಿನವು ಬಂದದ್ದು ಕಲ್ಕತ್ತೆ ಬಳಿಯ ಉತ್ತರಪಾಡಾದ ಕಾರ್ಖಾನೆಯಿಂದ. ರೋಗಿಗಳೂ ಆ ಕಡೆಯವರು, ಬೋಗಿಗಳೂ ಆ ಕಡೆಯವು.

ಇದೇ ಗೆರೆಯ ಮೇಲೆ ಎರಡು ಹೃದಯದಾಸ್ಪತ್ರೆ ಇವೆ. ಒಂದು ತುದಿ ಹೃದಯಾಲಯ; ಇನ್ನೊಂದು ಸರ್ಕಾರಿ ಸ್ವಾಯತ್ತ ಸಂಸ್ಥೆಯಾದ ಜಯದೇವ, ಅದರ ಹೆಸರಿನದೇ ನಿಲ್ದಾಣ. ಅಲ್ಲೂ 2021ರ ನವೆಂಬರಿನಲ್ಲಿ ಇನ್ಫೊಸಿಸ್ ಪ್ರತಿಷ್ಠಾನ ಕಟ್ಟಿಸಿಕೊಟ್ಟ 350 ಹಾಸಿಗೆಯ ಹೊಸ ಕಟ್ಟಡ ತೆರೆಯಿತು. ಹೃದಯ ಹಿಡಿದುಕೊಂಡವನಿಗೆ ಇನ್ನು ದಾರಿಯಲ್ಲೇ ಎರಡು ಬಾಗಿಲು.

ಮೆಟ್ರೊ ಬರೀ ಜನರನ್ನಲ್ಲ, ಅಂಗಾಂಗವನ್ನೂ ಸಾಗಿಸುತ್ತದೆ. 2025ರ ಆಗಸ್ಟ್ 1ರ ರಾತ್ರಿ ವೈಟ್‌ಫೀಲ್ಡಿನ ಆಸ್ಪತ್ರೆಯಿಂದ ರಾಜರಾಜೇಶ್ವರಿನಗರದ ಆಸ್ಪತ್ರೆಗೆ ದಾನಿಯೊಬ್ಬರ ಲಿವರನ್ನು ನೇರಳೆ ಮಾರ್ಗದ ರೈಲಿನಲ್ಲೇ ಒಯ್ದರು. ಸಿಗ್ನಲ್ಲೂ ಇಲ್ಲ, ಸೈರನ್ನೂ ಇಲ್ಲ.

ಆದರೆ ಬಡವನ ಲೆಕ್ಕ ಬೇರೆ. ಉದ್ಘಾಟನೆಯ ಹೊತ್ತಿಗೆ ತುದಿಯಿಂದ ತುದಿಗೆ ಟಿಕೆಟ್ 60 ರೂಪಾಯಿ. ಗಂಡ ಐಸಿಯುನಲ್ಲಿ, ಹೆಂಡತಿ ದಿನಾ ಓಡಾಡಬೇಕು. ಹೋಗಿ ಬರಲು 120. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ ಹೆಂಗಸರಿಗೆ ಬಿಟ್ಟಿ, ಆದರೆ ಕರ್ನಾಟಕದ ಗುರುತಿನ ಚೀಟಿ ಬೇಕು. ಮಂಡ್ಯದ ಅಮ್ಮನಿಗೆ ಸೊನ್ನೆ ಟಿಕೆಟ್, ಪಕ್ಕದಲ್ಲೇ ಕೂತ ಮಿಡ್ನಾಪುರದ ಅಮ್ಮನಿಗೆ ಪೂರ್ತಿ ಟಿಕೆಟ್. ಹೌರಾದಿಂದ ಒಂದೂವರೆ ದಿನ ರೈಲಿನಲ್ಲಿ ಬಂದು ಬೈಯಪ್ಪನಹಳ್ಳಿ ಟರ್ಮಿನಲ್ಲಿನಲ್ಲಿ ಇಳಿದವರು ಮೆಟ್ರೊದಲ್ಲಿ ಬರುತ್ತೇವೆಂದರೆ ಮೆಜೆಸ್ಟಿಕ್‌ನಲ್ಲಿ ಒಂದು ಸಲ, ಆರ್.ವಿ. ರಸ್ತೆಯಲ್ಲಿ ಇನ್ನೊಂದು ಸಲ ಬದಲಿಸಬೇಕು. ಆಮೇಲೂ ಬೊಮ್ಮಸಂದ್ರದ ನಿಲ್ದಾಣದಿಂದ ಆಸ್ಪತ್ರೆಯ ಬಾಗಿಲವರೆಗಿನ ದಾರಿ ಉಳಿದೇ ಇರುತ್ತದೆ. ಎರಡು ಹೆಜ್ಜೆಗೆ ಏದುಸಿರು ಬಿಡುವವನಿಗೆ 19 ಕಿಲೋಮೀಟರ್ ದೊಡ್ಡದಲ್ಲ, ಆ ಕೊನೆಯ ಫರ್ಲಾಂಗುಗಳು ದೊಡ್ಡವು.

ಯಾರ ಊರು ಇದು?

ಆಸ್ಪತ್ರೆಯ ಗೋಡೆಯೊಳಗೆ ಪ್ರತಿ ಕಟ್ಟಡಕ್ಕೂ ನಕ್ಷೆ ಇದೆ, ಇಂಜಿನಿಯರ್ ಇದ್ದಾನೆ. ಗೋಡೆಯ ಹೊರಗೆ? ಕೈಗಾರಿಕಾ ಪ್ರದೇಶ ಎಂದರೆ ಕೆಐಎಡಿಬಿ. ಊರು ಎಂದರೆ ಬೊಮ್ಮಸಂದ್ರ ಪುರಸಭೆ. ಪಕ್ಕದ ಹೆಬ್ಬಗೋಡಿಗೆ ಅದರದೇ ಬೇರೆ ಆಡಳಿತ. ನಕ್ಷೆ ಮಂಜೂರಾತಿಗೆ ಆನೇಕಲ್ ಯೋಜನಾ ಪ್ರಾಧಿಕಾರ. ಹೆದ್ದಾರಿ ಕೇಂದ್ರದ್ದು, ಮೇಲಿನ ಹಳಿ ಮೆಟ್ರೊದವರದು. ನಾಲ್ಕು ಹೆಜ್ಜೆ ಈಚೆಗೆ ಬಂದರೆ ಎಲೆಕ್ಟ್ರಾನಿಕ್ ಸಿಟಿಗೆ 2013ರಿಂದ ಸ್ವಂತ ಟೌನ್‌ಶಿಪ್ ಪ್ರಾಧಿಕಾರ. ಅಲ್ಲಿ ಕಟ್ಟಿದ ತೆರಿಗೆಯ ಬಹುಪಾಲು ಅಲ್ಲೇ ರಸ್ತೆಗೆ, ದೀಪಕ್ಕೆ ಖರ್ಚಾಗುತ್ತದೆ. ಬೊಮ್ಮಸಂದ್ರದಲ್ಲಿ ಒಂದು ಮೋರಿ ಕಟ್ಟಿಕೊಂಡರೆ ಅರ್ಜಿ ಬರೆಯುವವನು ಮೊದಲು ವಿಳಾಸ ಹುಡುಕಬೇಕು.

ಇದಕ್ಕಿಂತ ದೊಡ್ಡದು ನೀರಿನ ಮಾತು. 2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿತು, ದಿನಕ್ಕೆ 775 ದಶಲಕ್ಷ ಲೀಟರ್. ಅದು ಬಂದದ್ದು 2007ರಲ್ಲಿ ಬೆಂಗಳೂರು ಪಾಲಿಕೆಗೆ ಸೇರಿದ 110 ಹಳ್ಳಿಗಳ ಲೆಕ್ಕದಲ್ಲಿ. ಬೊಮ್ಮಸಂದ್ರ, ಹೆಬ್ಬಗೋಡಿ ಪಾಲಿಕೆಯ ಗೆರೆಯಿಂದ ಆಚೆ. ಆನೇಕಲ್ ತಾಲ್ಲೂಕಿನ ಅಂತರ್ಜಲವೋ, ಹಿಂದಿನಿಂದಲೂ ಅತಿ ಬಳಕೆಯ ಪಟ್ಟಿಯಲ್ಲಿದೆ. ಮಳೆ ಇಳಿಸಿದ್ದಕ್ಕಿಂತ ಬೋರ್‌ವೆಲ್ ಎಳೆದದ್ದೇ ಹೆಚ್ಚು.

ಒಂದು ಸಣ್ಣ ಲೆಕ್ಕ. ಕಿಡ್ನಿ ಕೆಟ್ಟವರಿಗೆ ಡಯಾಲಿಸಿಸ್ ಮಾಡುವಾಗ ನಿಮಿಷಕ್ಕೆ ಸುಮಾರು ಅರ್ಧ ಲೀಟರ್ ದ್ರವ ಯಂತ್ರದಲ್ಲಿ ಹರಿಯಬೇಕು. ನಾಲ್ಕು ಗಂಟೆಗೆ 120 ಲೀಟರ್. ಅದು ಶುದ್ಧ ಮಾಡಿದ ನೀರೇ ಆಗಬೇಕು. ಶುದ್ಧ ಮಾಡುವಾಗ ಹೊರಹೋಗುವ ನೀರು ಬೇರೆ. ಇಂಥದ್ದು ರೋಗಿಗೆ ವಾರಕ್ಕೆ ಎರಡು ಮೂರು ಸಲ. ಆಸ್ಪತ್ರೆ ಎಂದರೆ ಬೆಡ್ಡು, ಡಾಕ್ಟರು ಮಾತ್ರವಲ್ಲ, ನೀರು. ಹಾಸಿಗೆ ಹೆಚ್ಚಿದಷ್ಟೂ, ಲಾಡ್ಜು ಮೇಲೆ ಮೇಲೆ ಎದ್ದಷ್ಟೂ ಟ್ಯಾಂಕರಿನ ಟ್ರಿಪ್ಪು ಹೆಚ್ಚಬೇಕು. ಬೇಸಿಗೆಯಲ್ಲಿ ಟ್ಯಾಂಕರಿಗೆ ರೇಟು ಏರಿದರೆ ಅದು ಹೋಟೆಲಿನ ಇಡ್ಲಿಗೂ, ರೂಮಿನ ಬಾಡಿಗೆಗೂ, ಕೊನೆಗೆ ಆ ಎಕ್ಸ್‌ರೇ ಕವರು ಹಿಡಿದವನ ಜೇಬಿಗೂ ಬರುತ್ತದೆ.

ಕಾವೇರಿಯ ಪೈಪು ಹೆದ್ದಾರಿ ದಾಟಿ ಈ ಕಡೆ ಬರುವುದು ಯಾವಾಗ, ಲಾಡ್ಜುಗಳ ಕೊಳಚೆ ಯಾವ ಕೆರೆಗೆ ಇಳಿಯದಂತೆ ತಡೆಯುವವರು ಯಾರು, ನಿಲ್ದಾಣದಿಂದ ಆಸ್ಪತ್ರೆಯವರೆಗೆ ಗಾಲಿಕುರ್ಚಿ ಉರುಳುವಂಥ ಒಂದು ಫುಟ್‌ಪಾತ್ ಯಾರ ಬಜೆಟ್ಟಿನಲ್ಲಿದೆ? ಪುರಸಭೆ, ಕೆಐಎಡಿಬಿ, ಯೋಜನಾ ಪ್ರಾಧಿಕಾರ, ಮೆಟ್ರೊ ನಿಗಮ ಮತ್ತು ಆಸ್ಪತ್ರೆಗಳವರು ಒಂದೇ ಮೇಜಿನ ಸುತ್ತ ಕೂತರೆ ಉತ್ತರಕ್ಕೆ ಒಂದು ಮಧ್ಯಾಹ್ನ ಸಾಕು.

ಅಷ್ಟರಲ್ಲಿ ಅತ್ತಿಬೆಲೆ ಕಡೆಯಿಂದ ಮತ್ತೊಂದು ಬಸ್ಸು ಬಂದು ನಿಂತಿರುತ್ತದೆ. ಇಳಿದವರು ಕವರನ್ನು ಎದೆಗೆ ಅವಚಿಕೊಂಡು, ಲಾರಿ ಹೋಗಲೆಂದು ರಸ್ತೆಯ ಅಂಚಿನಲ್ಲಿ ಕಾಯುತ್ತಿರುತ್ತಾರೆ.