ಬೈಕಿಂಗು ಊಟದ ಅಸಲು

ಟೋಕಿಯೊದ ದೊಡ್ಡ ಹೋಟೆಲಿನ ಬಾಗಿಲಲ್ಲಿ ‘ಲಂಚ್ ಬೈಕಿಂಗು’ ಎಂಬ ಫಲಕ ಕಂಡರೆ ಬೈಕು ಹುಡುಕಬೇಡಿ. ಅದು ‘ವೈಕಿಂಗ್’ ಪದದ ಜಪಾನಿ ಉಚ್ಚಾರ, ಅರ್ಥ, ಬಫೆ. ಉತ್ತರ ಯುರೋಪಿನ ಕಡಲುಗಳ್ಳರು ಜಪಾನಿನ ಊಟದ ಮನೆಗೆ ಬಂದದ್ದು 1958ರಲ್ಲಿ. ಟೋಕಿಯೊದ ಇಂಪೀರಿಯಲ್ ಹೋಟೆಲಿನ ಮುಖ್ಯಸ್ಥ ಇನುಮಾರು ತೆತ್ಸುಜೊ ಡೆನ್ಮಾರ್ಕಿನಲ್ಲಿ ಸ್ಮೋರ್ಗಾಸ್‌ಬೋರ್ಡ್ ಎಂಬ ಬೇಕಾದ್ದು ಬಡಿಸಿಕೊಳ್ಳುವ ಊಟ ಕಂಡು ಮೆಚ್ಚಿದ್ದರು. ಪ್ಯಾರಿಸ್ಸಿನಲ್ಲಿ ಕಲಿಯುತ್ತಿದ್ದ ಅಡುಗೆಗಾರ ಮುರಾಕಾಮಿ ನೊಬುವೊ ಅವರಿಗೆ ಅದನ್ನು ಅಭ್ಯಾಸ ಮಾಡಿ ಬರಲು ಹೇಳಿದರು. ಊಟವೇನೋ ಬಂತು, ಆದರೆ ಆ ಹೆಸರು ಜಪಾನಿ ನಾಲಿಗೆಗೆ ಹೊರಳಲಿಲ್ಲ. ಅದೇ ಹೊತ್ತಿಗೆ ಕರ್ಕ್ ಡಗ್ಲಾಸ್ ನಟಿಸಿದ ‘ದಿ ವೈಕಿಂಗ್ಸ್’ ಸಿನಿಮಾ ಬಂದಿತ್ತು. ಅದರಲ್ಲಿ ಮೈಮರೆತು ತಿಂದು ಕುಡಿಯುವ ದೃಶ್ಯವಿತ್ತು. ಹೆಸರು ಸಿಕ್ಕಿತು. ಇಂಪೀರಿಯಲ್ ಹೋಟೆಲಿನ ಆ ಒಂದು ಭೋಜನಶಾಲೆಯ ಹೆಸರು ಇಂದು ದೇಶದ ಬಫೆಗಳಿಗೆಲ್ಲ ಬಳಕೆಯ ಮಾತು.

ಬಫೆಗೆ ಹೋಗುವ ಜಪಾನಿಯರು ಆಡುವ ಇನ್ನೊಂದು ಮಾತುಂಟು: ‘ಮೊತೊ ಒ ತೊರು’. ನಮ್ಮವರು ‘ಅಸಲು ಗಿಟ್ಟಿತು’ ಅನ್ನುತ್ತಾರಲ್ಲ, ಅದೇ. ಹೊಟ್ಟೆಯಲ್ಲಿ ಹತ್ತಕ್ಕೆ ಎಂಟು ಪಾಲು ತುಂಬಿದರೆ ಸಾಕು ಎಂದು ಹೇಳಿಕೊಟ್ಟ ನಾಡಿನಲ್ಲೂ ಬಫೆಯ ಮುಂದೆ ಲೆಕ್ಕ ಹೀಗೇ.

ಬೈಕಿಂಗು ಅಂದರೆ ತಟ್ಟೆ ಹಿಡಿದು ಎದ್ದುಹೋಗಿ ಬಡಿಸಿಕೊಳ್ಳುವುದು. ‘ತಾಬೆಹೋದಾಯ್’ ಅಂದರೆ ಬೇಕಾದಷ್ಟು ತಿನ್ನಿ ಎಂದು. ಮಾಂಸ ಕುದಿಸಿ ತಿನ್ನುವ ಶಾಬು-ಶಾಬು, ಸುಟ್ಟು ತಿನ್ನುವ ಯಾಕಿನಿಕು ಅಂಗಡಿಗಳಲ್ಲಿ ಕೂತಲ್ಲಿಗೇ ತರಿಸಿಕೊಳ್ಳುವ ಕ್ರಮವೂ ಇದರಲ್ಲಿ ಸೇರುತ್ತದೆ. ಕೈ ಬಿಗಿಯಿರುವವರಿಗೆ ನನ್ನ ಸಲಹೆ ಇಂಥ ಅಂಗಡಿಯೇ. ಕೇಳಿದ ಮೇಲೆ ತಟ್ಟೆಗೆ ಬರುವ ಮಾಂಸವನ್ನು ಕುದಿಯುವ ನೀರಿಗೋ ಕೆಂಡದ ಮೇಲಕ್ಕೋ ಹಾಕುವವರು ನೀವೇ. ಹೊತ್ತುಗಟ್ಟಲೆ ದೀಪದ ಕೆಳಗೆ ಕಾದು ಒಣಗಿದ್ದನ್ನು ತಿನ್ನುವ ಪ್ರಮೇಯವಿಲ್ಲ.

ಬೈಕಿಂಗೇ ಬೇಕೆಂದರೆ, ಮೊದಲ ಸುತ್ತು ಬರಿಗೈಯಲ್ಲಿ ಹಾಕಿ. ನೋಡಬೇಕಾದ್ದು ಟೆಂಪುರಾ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರಿಂದ ಕಲಿತ ಈ ಕರಿದ ತಿಂಡಿಯ ಜೀವ ಅದರ ಗರಿಗರಿಯಲ್ಲಿದೆ. ನಮ್ಮ ಬಜ್ಜಿಯ ಹಾಗೆಯೇ ಬಾಣಲೆಯಿಂದ ಇಳಿದ ಕೆಲವೇ ನಿಮಿಷದಲ್ಲಿ ಸೊಪ್ಪಾಗುತ್ತದೆ. ಕಣ್ಣೆದುರು ನಾಲ್ಕಾರರಂತೆ ಕರಿದು ಕೊಡುವ ಜಾಗವಾದರೆ ಕೂರಿ. ರಾಶಿ ಹಾಕಿಟ್ಟಿದ್ದರೆ ಉಳಿದದ್ದೂ ಹಾಗೇ ಇರುತ್ತದೆ. ಆಮೇಲೆ ಸುಶಿ. ಅದರ ಅನ್ನ ಮೈಯ ಬಿಸಿಯಷ್ಟು ಬೆಚ್ಚಗಿರಬೇಕು. ತಣ್ಣಗೆ, ಅಗುಳು ಗಟ್ಟಿಯಾಗಿದ್ದರೆ ಫ್ರಿಜ್ಜಿನಲ್ಲಿ ಕೂತು ಬಂದದ್ದು. ಅನ್ನದ ಉಂಡೆ ದಪ್ಪ, ಮೇಲಿನ ಮೀನು ಕಾಗದದಷ್ಟು ತೆಳುವಾಗಿದ್ದರೆ ಅಸಲು ಗಿಟ್ಟಿಸಿಕೊಳ್ಳುತ್ತಿರುವವರು ಅಂಗಡಿಯವರು! ಕರಿ ರೈಸು, ಯಾಕಿಸೋಬಾ ನೂಡಲ್ಸು ಕೈಗೆಟಕುವ ಜಾಗದಲ್ಲಿ ಹೊಗೆಯಾಡುತ್ತ ಕರೆಯುತ್ತಿರುತ್ತವೆ. ಪಂಕ್ತಿಯಲ್ಲಿ ಸಾರನ್ನವನ್ನೇ ಮೂರು ಸಲ ಹಾಕಿಸಿಕೊಂಡು, ಹೋಳಿಗೆ ಬರುವ ಹೊತ್ತಿಗೆ ಎಲೆಗೆ ಕೈ ಅಡ್ಡ ಹಿಡಿಯುವವರನ್ನು ನೋಡಿದ್ದೀರಲ್ಲ, ಇಲ್ಲೂ ಆಗುವುದು ಅದೇ.

ವಾರದ ದಿನಗಳ ಮಧ್ಯಾಹ್ನ ಅಗ್ಗ. ರಾತ್ರಿ, ಶನಿವಾರ, ಭಾನುವಾರ ದುಬಾರಿ. ಸಾಮಾನ್ಯವಾಗಿ 90 ನಿಮಿಷದ ಗಡುವು ಇರುತ್ತದೆ. ತರಿಸಿಕೊಂಡು ತಿನ್ನುವ ಕಡೆ ಗಡುವಿಗೆ ಮುಂಚೆಯೇ ‘ಲಾಸ್ಟ್ ಆರ್ಡರ್’ ಕೇಳಿಬಿಡುತ್ತಾರೆ, ಆಗ ಕೈಯಲ್ಲಿರುವುದು ಹೆಚ್ಚೆಂದರೆ ಅರ್ಧಗಂಟೆ. ಕುಡಿಯುವುದಕ್ಕೆ ಬೇರೆ ದುಡ್ಡೇ ಎಂದು ಕೂರುವ ಮುಂಚೆ ಕೇಳಿ. ತಟ್ಟೆಯಲ್ಲಿ ಬಿಟ್ಟರೆ ದಂಡ ಹಾಕುವ ಅಂಗಡಿಗಳೂ ಇವೆ, ‘ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ’ ಅನ್ನುವವರು ಫಲಕ ಓದಿಕೊಳ್ಳಬೇಕು.

ಸಸ್ಯಾಹಾರಿಗಳಿಗೆ ಮಾತ್ರ ಈ ಬಾಬತ್ತು ನಷ್ಟದ್ದೇ. ಜಪಾನಿ ಅಡುಗೆಯ ಬೇರು ‘ದಾಶಿ’ ಎಂಬ ತಿಳಿಸಾರು. ಅದನ್ನು ಹೆಚ್ಚಾಗಿ ತೆಗೆಯುವುದು ಒಣಗಿಸಿ ಹೆರೆದ ಕಾತ್ಸುಒ ಮೀನಿನಿಂದ. ತೋಫು ತೇಲುವ ಮಿಸೊ ಸೂಪಿನಲ್ಲೂ, ತರಕಾರಿ ಟೆಂಪುರಾ ಅದ್ದಿಕೊಳ್ಳುವ ರಸದಲ್ಲೂ ಅದು ಕಣ್ಣಿಗೆ ಬೀಳದೆ ಕೂತಿರುತ್ತದೆ. ಸೌತೆಕಾಯಿಯ ಸುಶಿ ಕಪ್ಪಾಮಾಕಿಯಷ್ಟರಿಂದಲೇ ಅಸಲು ಹೊರಡುವುದಿಲ್ಲ. ಅಂಥವರು ಅದೇ ಯೆನ್‌ಗಳನ್ನು ಬೌದ್ಧ ಮಠಗಳ ಶೋಜಿನ್ ಊಟಕ್ಕೆ ಹಾಕುವುದು ಮೇಲು. ಅಲ್ಲಿ ಮೀನಿನ ಬದಲು ಕೊಂಬು ಎಂಬ ಕಡಲಪಾಚಿ, ಒಣ ಶಿತಾಕೆ ಅಣಬೆಯ ಸಾರು. ಬಡಿಸುವುದು ಮಾತ್ರ ಅಂಗೈಯಗಲದ ಬಟ್ಟಲುಗಳಲ್ಲಿ.