‘ಡಿಸ್‌ಪ್ಲೇ ಬರ್ತಿಲ್ಲ’

‘ಸ್ಕ್ರೀನ್ ಹೋಗಿದೆ, ಹೊಸದು ಹಾಕೋಕೆ ಎಷ್ಟಾಗುತ್ತೆ?’ ಬ್ಯಾಗಿನಿಂದ ಲ್ಯಾಪ್‌ಟಾಪ್ ಹೊರಗೆ ತೆಗೆಯುವ ಮೊದಲೇ ಗಿರಾಕಿಗಳು ಕೇಳುವ ಪ್ರಶ್ನೆ ಇದು. ನಾನು ರೇಟು ಹೇಳುವುದಿಲ್ಲ. ‘ಸೌಂಡ್ ಬರುತ್ತಾ?’ ಎಂದು ತಿರುಗಿ ಕೇಳುತ್ತೇನೆ. ಕೆಲವರಿಗೆ ಸಿಟ್ಟೇ ಬರುತ್ತದೆ. ಕಾಣಿಸ್ತಿಲ್ಲ ಅಂದ್ರೆ ಕೇಳಿಸುತ್ತಾ ಅಂತಾನಲ್ಲ ಇವನು, ಎಂಬಂತೆ ನೋಡುತ್ತಾರೆ. ಆದರೆ ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ನನ್ನ ಅರ್ಧ ಕೆಲಸ ಮುಗಿದ ಹಾಗೆ.

ಬೆಂಗಳೂರಿನ ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ ನನ್ನ ರಿಪೇರಿ ಅಂಗಡಿ. ಒಂದು ಪಕ್ಕದಲ್ಲಿ ಪುಸ್ತಕ ಬೈಂಡಿಂಗ್ ಮಾಡುವವರು, ಇನ್ನೊಂದು ಪಕ್ಕದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವರು. ಮೊದಲು ಟಿ.ವಿ. ರಿಪೇರಿ ಮಾಡುತ್ತಿದ್ದೆ. ಪಿಕ್ಚರ್ ಟ್ಯೂಬಿನ ಕಾಲ ಮುಗಿದ ಮೇಲೆ ಮಾನಿಟರಿಗೆ ಬಂದೆ, ಅಲ್ಲಿಂದ ಲ್ಯಾಪ್‌ಟಾಪಿಗೆ. ಬಿಡಿಭಾಗ ಬೇಕೆಂದರೆ ಸ್ಕೂಟರಿನಲ್ಲಿ ಎಸ್.ಪಿ. ರೋಡಿಗೆ ಹೋಗಿ ಊಟದ ಹೊತ್ತಿಗೆ ವಾಪಸ್ ಬರಬಹುದು, ಪಾರ್ಕಿಂಗ್ ಸಿಕ್ಕರೆ. 1892ರಲ್ಲಿ ಹುಟ್ಟಿದ ಈ ಬಡಾವಣೆಯಲ್ಲಿ ಇನ್ನೂ ಪ್ರೆಸ್ಸುಗಳಿವೆ, ಪ್ರೆಸ್ಸಿಗೆ ಪುಟ ಕಟ್ಟಿಕೊಡುವವರಿದ್ದಾರೆ. ಅವರ ಜತೆಗೆ ಬಸವನಗುಡಿಯ ನಿವೃತ್ತ ಬ್ಯಾಂಕ್ ನೌಕರರು, ಆಡಿಟರುಗಳು, ಕಾಲೇಜು ಹುಡುಗರು, ನೆಂಟರಿಷ್ಟರ ಮಾತು ಕೇಳಿ ಮಲ್ಲೇಶ್ವರದಿಂದ ಆಟೊ ಹಿಡಿದು ಬರುವವರು. ಎಲ್ಲರ ದೂರೂ ಒಂದೇ: ಡಿಸ್‌ಪ್ಲೇ ಬರ್ತಿಲ್ಲ. ಕಾರಣ ಮಾತ್ರ ಒಬ್ಬೊಬ್ಬರದು ಒಂದೊಂದು.

ಮನೆಯ ನಲ್ಲಿಯಲ್ಲಿ ನೀರು ಬರದಿದ್ದರೆ ಯಾರೂ ಮೊದಲು ನಲ್ಲಿ ಬದಲಾಯಿಸುವುದಿಲ್ಲ. ಇವತ್ತು ಕಾವೇರಿ ಬಂತಾ, ಸಂಪಿನಲ್ಲಿ ನೀರಿದೆಯಾ, ಮೋಟಾರ್ ಹಾಕಿದ್ರಾ, ಮೇಲಿನ ಟ್ಯಾಂಕ್ ತುಂಬಿದೆಯಾ ಎಂದು ನೋಡುತ್ತಾ ಬರುತ್ತೇವೆ. ಲ್ಯಾಪ್‌ಟಾಪಿನ ಚಿತ್ರವೂ ಹೀಗೇ ಹಂತ ಹಂತವಾಗಿ ಬರುತ್ತದೆ. ಚಾರ್ಜರ್ ಅಥವಾ ಬ್ಯಾಟರಿಯ ಕರೆಂಟು ಮದರ್‌ಬೋರ್ಡಿಗೆ ತಲುಪಬೇಕು. ಬೋರ್ಡು ಎಚ್ಚೆತ್ತು ರ‍್ಯಾಮ್ ಸರಿಯಿದೆಯೇ ಎಂದು ನೋಡಿಕೊಳ್ಳಬೇಕು. ಗ್ರಾಫಿಕ್ಸ್ ಚಿಪ್ ಚಿತ್ರ ತಯಾರಿಸಬೇಕು. ಆ ಚಿತ್ರ ಹಿಂಜಿನ ಪಕ್ಕದಲ್ಲಿ ನುಸುಳಿ ಹೋಗುವ ತೆಳ್ಳನೆಯ ಕೇಬಲ್ ಹಿಡಿದು ಪ್ಯಾನೆಲ್ ಸೇರಬೇಕು. ಕೊನೆಗೆ ಪ್ಯಾನೆಲ್ಲಿನ ಹಿಂದೆ ಬೆಳಕು ಹೊತ್ತಬೇಕು. ಎಲ್ಲಿ ತಡೆದರೂ ನಿಮಗೆ ಕಾಣುವುದು ಒಂದೇ ಕಪ್ಪು. ಹಾಗಾಗಿ ಯಾರಾದರೂ ನಿಂತ ನಿಲುವಿನಲ್ಲೇ ‘ಬೋರ್ಡ್ ಹೋಗಿದೆ’ ಎಂದರೆ ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು ಮುಂದಿನ ಅಂಗಡಿಗೆ ಹೋಗಿ.

ಮಲ್ಲೇಶ್ವರದಿಂದ ವೀಣೆ ಟೀಚರ್ ಒಬ್ಬರು ಬಂದಿದ್ದರು. ಬೆಳಗಿನ ಜಾವ ಅಮೆರಿಕದ ಮಕ್ಕಳಿಗೆ ಆನ್‌ಲೈನಿನಲ್ಲಿ ಪಾಠ ಹೇಳುವವರು. ‘ಮಕ್ಕಳು ನುಡಿಸೋದು ಕೇಳುತ್ತಪ್ಪ, ಮುಖ ಮಾತ್ರ ಕಾಣಲ್ಲ. ಅವರಿಗೆ ನಾನು ಕಾಣ್ತೀನಂತೆ’ ಎಂದರು. ಇದಕ್ಕಿಂತ ಒಳ್ಳೆಯ ವರದಿ ಯಾವ ಮೆಕ್ಯಾನಿಕ್ಕೂ ಕೊಡಲಾರ. ಕರೆಂಟು ಸರಿ, ರ‍್ಯಾಮ್ ಸರಿ, ವಿಂಡೋಸ್ ಸರಿ, ಕ್ಯಾಮೆರಾ, ಇಂಟರ್‌ನೆಟ್ ಎಲ್ಲ ಸರಿ. ತೊಂದರೆ ಇರುವುದು ಕೊನೆಯ ಎರಡು ಹಂತದಲ್ಲಿ ಎಂದು ಯಂತ್ರ ಮುಟ್ಟದೆಯೇ ಗೊತ್ತಾಯಿತು. ಅಂಗಡಿಯ ಲೈಟು ಆರಿಸಿ ಮೊಬೈಲ್ ಟಾರ್ಚನ್ನು ಪರದೆಯ ಮೇಲೆ ಓರೆಯಾಗಿ ಹಿಡಿದೆ. ಗೋಡೆಯ ಮೇಲಿನ ಹಳೇ ಬರಹದ ಹಾಗೆ ಐಕಾನುಗಳು ಮಸುಕಾಗಿ ಕಂಡವು. ‘ಅಯ್ಯೋ, ಒಳಗೆಲ್ಲಾ ಇದೆಯಲ್ಲೋ!’ ಎಂದರು.

ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ. ಹಿಂದಿನಿಂದ ಬರುವ ಬಿಳಿ ಬೆಳಕನ್ನು ಅಲ್ಲಲ್ಲಿ ತಡೆದು, ಅಲ್ಲಲ್ಲಿ ಬಿಟ್ಟು ಅದು ಚಿತ್ರ ತೋರಿಸುತ್ತದೆ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಈ ಬೆಳಕಿಗೆ ಪೆನ್ಸಿಲಿಗಿಂತ ಸಣ್ಣ ಟ್ಯೂಬ್‌ಲೈಟು, ಅದನ್ನು ಉರಿಸಲು ಇನ್ವರ್ಟರ್ ಎಂಬ ಪುಟ್ಟ ಬೋರ್ಡು ಇರುತ್ತಿತ್ತು. ಈಗ ಎಲ್‌ಇಡಿ ಪಟ್ಟಿ. ಈ ಬೆಳಕು ಸತ್ತರೂ ಚಿತ್ರ ಅಲ್ಲೇ ಇರುತ್ತದೆ. ಟಾರ್ಚಿಗೆ ಕಾಣುವುದು ಅದೇ. ಒಎಲ್‌ಇಡಿ ಪರದೆಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುವುದರಿಂದ ಅಲ್ಲಿ ಈ ಪರೀಕ್ಷೆ ನಡೆಯದು. ಟೀಚರ್ ಲ್ಯಾಪ್‌ಟಾಪಿನಲ್ಲಿ ಹೋಗಿದ್ದದ್ದು ಬೋರ್ಡಿನ ಮೇಲಿನ ಬ್ಯಾಕ್‌ಲೈಟ್ ಫ್ಯೂಸು. ಭೂತಕನ್ನಡಿ ಇಲ್ಲದೆ ನನಗೂ ಕಾಣದಷ್ಟು ಸಣ್ಣದು. ಹೊಸ ಪ್ಯಾನೆಲ್ ಹಾಕಿದ್ದರೂ ಅವರಿಗೆ ಮಕ್ಕಳ ಮುಖ ಕಾಣುತ್ತಿರಲಿಲ್ಲ. ಬ್ಯಾಟರಿ ಕಳಚದೆ ಪ್ಯಾನೆಲ್ ಬದಲಾಯಿಸುವ ಅವಸರದ ಕೈಗಳಿಂದಲೇ ಈ ಫ್ಯೂಸು ಹೋಗುವುದುಂಟು.

ಟಾರ್ಚಿಗೂ ಏನೂ ಕಾಣದಿದ್ದರೆ ಮನೆಯ ಟಿ.ವಿ.ಗೆ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿ. ವಿಂಡೋಸ್ ಕೀ ಒತ್ತಿಕೊಂಡು ಪಿ ಒತ್ತಿದರೆ ಚಿತ್ರ ಯಾವ ಪರದೆಗೆ ಹೋಗಬೇಕು ಎಂದು ಕೇಳುತ್ತದೆ. ಟಿ.ವಿ.ಯಲ್ಲಿ ಚಿತ್ರ ಬಂತೆಂದರೆ ಬೋರ್ಡು, ಗ್ರಾಫಿಕ್ಸ್ ಎರಡೂ ಸಾಮಾನ್ಯವಾಗಿ ಆರೋಗ್ಯವಾಗಿವೆ. ಕೇಬಲ್ಲೋ ಪ್ಯಾನೆಲ್ಲೋ ಕೈಕೊಟ್ಟಿದೆ. ರಿಪೇರಿಗೆ ದುಡ್ಡಿಲ್ಲದ ಹುಡುಗರು ಹೀಗೇ ಟಿ.ವಿ.ಗೆ ಕಟ್ಟಿಕೊಂಡು ಸೆಮಿಸ್ಟರ್ ಮುಗಿಸಿದ್ದನ್ನು ನೋಡಿದ್ದೇನೆ. ಪರದೆಯನ್ನು ಹಿಂದೆ ಮುಂದೆ ಮಾಡಿದಾಗ ಚಿತ್ರ ಬಂದು ಹೋಗಿ ಮಾಡಿದರೆ ಹಿಂಜಿನ ಬಳಿ ಕೇಬಲ್ ಸವೆದಿದೆ ಎಂದು ತಿಳಿಯಿರಿ. ಒಂದೇ ಮೂಲೆ ಹಿಡಿದು ಮುಚ್ಚಳ ಎತ್ತುವ ಅಭ್ಯಾಸವಿದ್ದರೆ ಬೇಗ ಸವೆಯುತ್ತದೆ. ಕೇಬಲ್ಲಿನ ಬೆಲೆ ಪ್ಯಾನೆಲ್ಲಿಗಿಂತ ಬಹಳ ಕಡಿಮೆ. ಡೆಲ್ ಲ್ಯಾಪ್‌ಟಾಪಾದರೆ ಇನ್ನೊಂದು ಸುಲಭದ ಉಪಾಯವಿದೆ: ಆಫ್ ಮಾಡಿ, ಡಿ ಕೀ ಒತ್ತಿ ಹಿಡಿದು ಪವರ್ ಬಟನ್ ಒತ್ತಿದರೆ, ಹೆಚ್ಚಿನ ಮಾಡೆಲ್‌ಗಳಲ್ಲಿ ಪರದೆ ಒಂದೊಂದೇ ಬಣ್ಣ ತೋರಿಸುತ್ತದೆ. ಬಣ್ಣ ಸರಿಯಾಗಿ ಬಂದರೆ ಪ್ಯಾನೆಲ್ ಬದಲಾಯಿಸಲು ದುಡ್ಡು ಕೊಡಬೇಡಿ.

ಬಸವನಗುಡಿಯ ಒಬ್ಬ ಯಜಮಾನರ ಪರದೆ ಟೈಪ್ ಮಾಡುವಾಗ ಮಾತ್ರ ಆರುತ್ತಿತ್ತು. ಅಂಗಡಿಯಲ್ಲಿ ನಾನು ಎಷ್ಟು ಹೊತ್ತು ಓಡಿಸಿದರೂ ಆರಲಿಲ್ಲ. ‘ನೀವೇ ಟೈಪ್ ಮಾಡಿ ತೋರಿಸಿ ಸರ್’ ಎಂದೆ. ಕೈ ಇಟ್ಟರು, ಕಪ್ಪಾಯಿತು. ಮಣಿಕಟ್ಟಿನಲ್ಲಿ ಬಿ.ಪಿ.ಗೆಂದು ಕಟ್ಟಿಕೊಂಡಿದ್ದ ಅಯಸ್ಕಾಂತದ ಬಳೆ! ಮುಚ್ಚಳ ಮುಚ್ಚಿದೆಯೇ ಎಂದು ತಿಳಿಯಲು ಲ್ಯಾಪ್‌ಟಾಪುಗಳಲ್ಲಿ ಮುಚ್ಚಳದ ಅಂಚಿಗೊಂದು ಅಯಸ್ಕಾಂತ, ಕೆಳಗೆ ಅದನ್ನು ಗ್ರಹಿಸುವ ಸೆನ್ಸರ್ ಇರುತ್ತದೆ. ಬಳೆ ಹತ್ತಿರ ಬಂದಾಗಲೆಲ್ಲ ಮುಚ್ಚಳ ಮುಚ್ಚಿತು ಎಂದುಕೊಂಡು ಯಂತ್ರ ಮಲಗುತ್ತಿತ್ತು. ಒಂದು ಲ್ಯಾಪ್‌ಟಾಪಿನ ಮೇಲೆ ಇನ್ನೊಂದನ್ನು ಇಟ್ಟು ಕೆಲಸ ಮಾಡುವವರಿಗೂ, ಅಯಸ್ಕಾಂತದ ಮೊಬೈಲ್ ಕವರನ್ನು ಕೀಬೋರ್ಡಿನ ಮೇಲೆ ಇಡುವವರಿಗೂ ಇದೇ ಆಗುತ್ತದೆ. ಬಿ.ಪಿ. ಇಳಿಯಿತೋ ಇಲ್ಲವೋ, ಬಳೆಯನ್ನಂತೂ ಅವರು ಬಿಡಲಿಲ್ಲ. ಎಡಗೈಯಿಂದ ಬಲಗೈಗೆ ಹಾಕಿಕೊಂಡರು, ಸಮಸ್ಯೆ ಹೋಯಿತು.

ಇನ್ನು ಸೌಂಡೂ ಇಲ್ಲ, ಟಿ.ವಿ.ಯಲ್ಲೂ ಚಿತ್ರವಿಲ್ಲ, ಆದರೆ ಪವರ್ ಲೈಟ್ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ ಎನ್ನುವ ಜಾತಿ. ನಮ್ಮ ಅಂಗಡಿಭಾಷೆಯಲ್ಲಿ ‘ನೋ ಡಿಸ್‌ಪ್ಲೇ’ ಎಂದರೆ ಬಹುಪಾಲು ಇದೇ. ಮೊದಲು ಚಾರ್ಜರ್ ಕಿತ್ತು, ಪೆನ್‌ಡ್ರೈವ್, ಮೌಸ್ ಎಲ್ಲ ತೆಗೆದು, ಬ್ಯಾಟರಿ ಕಳಚಲು ಬರುವಂಥದ್ದಾದರೆ ಅದನ್ನೂ ತೆಗೆದು, ಪವರ್ ಬಟನ್ನನ್ನು 30 ಸೆಕೆಂಡು ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಚಾರ್ಜ್ ಇಳಿದು, ಸಿಕ್ಕಿಹಾಕಿಕೊಂಡಿದ್ದ ಕಂಟ್ರೋಲರ್ ಮೊದಲಿನಿಂದ ಶುರು ಮಾಡುತ್ತದೆ. ಮಂತ್ರ ಹಾಕಿದಂತೆ ಎದ್ದು ಕೂತ ಯಂತ್ರಗಳು ಬಹಳ ಇವೆ. ಇದಕ್ಕೆ ದುಡ್ಡು ಕೇಳಲು ನನಗೇ ನಾಚಿಕೆಯಾಗುತ್ತದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅದಕ್ಕೂ ಬಗ್ಗದಿದ್ದರೆ ಹೆಚ್ಚಾಗಿ ರ‍್ಯಾಮ್ ಮೇಲೆ ಅನುಮಾನ. ಬೆಂಗಳೂರಿನ ಮಳೆಗಾಲದ ತೇವಕ್ಕೆ, ಧೂಳಿಗೆ ಅದರ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಸಣ್ಣ ಪೊರೆ ಕೂರುತ್ತದೆ. ಶಾಲೆ ಮಕ್ಕಳ ರಬ್ಬರಿನಿಂದ ಹಗುರವಾಗಿ ಉಜ್ಜಿ, ರಬ್ಬರಿನ ಚೂರು ಒರೆಸಿ, ಟಕ್ ಎನ್ನುವವರೆಗೆ ಒತ್ತಿ ಕೂರಿಸಿದರೆ ಆಯಿತು. ನವೆಂಬರ್ ಹತ್ತಿರ ಬಂದಾಗ ಪ್ರೆಸ್ಸಿನವರ ಲ್ಯಾಪ್‌ಟಾಪುಗಳಲ್ಲಿ ನಾನು ಮಾಡುವ ಕೆಲಸ ಮುಖ್ಯವಾಗಿ ಇದೇ. ರಾಜ್ಯೋತ್ಸವದ ಸ್ಮರಣಸಂಚಿಕೆಯ ಪುಟಗಳೆಲ್ಲ ‘ನುಡಿ’ ತಂತ್ರಾಂಶದಲ್ಲಿ ಕೂತಿರುತ್ತವೆ, ಅತ್ತ ಸಂಘದ ಅಧ್ಯಕ್ಷರ ಫೋನು ಬರುತ್ತಿರುತ್ತದೆ, ಯಂತ್ರ ಮಾತ್ರ ಕಪ್ಪು. ಕ್ಯಾಪ್ಸ್‌ಲಾಕ್ ಅಥವಾ ಪವರ್ ಲೈಟು ಲೆಕ್ಕದ ಪ್ರಕಾರ ಮಿಣುಕುತ್ತಿದ್ದರೆ ಎಣಿಸಿ ಬರೆದುಕೊಳ್ಳಿ; ಅದು ಯಾವ ಭಾಗ ಕೆಟ್ಟಿದೆ ಎಂದು ಯಂತ್ರವೇ ಹೇಳುವ ರೀತಿ. ಕಂಪನಿಯ ಕೈಪಿಡಿಯಲ್ಲಿ ಅರ್ಥ ಸಿಗುತ್ತದೆ. ಹೊಸ ಡಿಡಿಆರ್5 ರ‍್ಯಾಮ್ ಹಾಕಿದ ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು, ರ‍್ಯಾಮ್ ಜತೆ ಬೋರ್ಡು ಹೊಂದಿಕೊಳ್ಳುತ್ತಿರುತ್ತದೆ. ಬಯಾಸ್ ಅಪ್‌ಡೇಟ್ ಆಗುವಾಗಲೂ ಹಾಗೇ. ಆಗ ಗಾಬರಿಯಿಂದ ಬಟನ್ ಒತ್ತಿ ಆರಿಸಿದರೆ ಕೆಡದ ಯಂತ್ರವೂ ಕೆಡಬಹುದು.

ಕಂಪನಿಯ ಲೋಗೊ ಬಂದು ಆಮೇಲೆ ಕಪ್ಪಾದರೆ ಮೊದಲೇ ಸ್ಕ್ರೂಡ್ರೈವರ್ ಮುಟ್ಟುವ ಅಗತ್ಯವಿಲ್ಲ, ತೊಂದರೆ ಹೆಚ್ಚಾಗಿ ಸಾಫ್ಟ್‌ವೇರಿನದು. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ಆಗದಿದ್ದರೆ ಸೇಫ್ ಮೋಡ್.

ಚಾರ್ಜರ್ ಬಗ್ಗೆ ಎರಡು ಮಾತು. ಟೈಪ್-ಸಿ ತೂತು ಒಂದೇ ರೀತಿ ಇದೆಯೆಂದು ಮೊಬೈಲಿನ ಚಾರ್ಜರ್ ಸಿಕ್ಕಿಸಿ ‘ಆನ್ ಆಗ್ತಿಲ್ಲ’ ಎನ್ನುವವರಿದ್ದಾರೆ. ಸಾಧಾರಣ ಲ್ಯಾಪ್‌ಟಾಪಿಗೆ 45 ಅಥವಾ 65 ವಾಟ್ ಬೇಕು. ಹಳೆಯ ಮೊಬೈಲ್ ಚಾರ್ಜರ್ ಕೊಡುವುದು 10 ವಾಟಿನ ಆಸುಪಾಸು. ನಮ್ಮ ಹಳೆಯ ಬಡಾವಣೆಗಳ ಮನೆಗಳಲ್ಲಿ ಇನ್ನೊಂದು ಕಾಟ: ಸರಿಯಾದ ಅರ್ಥಿಂಗ್ ಇಲ್ಲದಿರುವುದು. ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿ, ಲೋಹದ ಮೈ ಮುಟ್ಟಿದಾಗ ಜುಮ್ಮೆನ್ನುತ್ತದೆ ಎಂದು ನಗುತ್ತಾ ಹೇಳುತ್ತಾರೆ. ನಗುವ ವಿಷಯವಲ್ಲ. ಎಲೆಕ್ಟ್ರಿಷಿಯನ್ ಕರೆಸಿ. ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚಿನ ಸಂಜೆಗಳಲ್ಲಿ ಪ್ಲಗ್ ಕಿತ್ತಿಡಿ. ಟಚ್‌ಪ್ಯಾಡ್ ಉಬ್ಬಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿದೆ. ಅದನ್ನು ಒತ್ತಬಾರದು, ಚಾರ್ಜಿಗೂ ಹಾಕಬಾರದು. ಕಾಫಿ ಚೆಲ್ಲಿದರೆ ತಕ್ಷಣ ಆಫ್ ಮಾಡಿ ಚಾರ್ಜರ್ ಕಿತ್ತು ಬೋರಲು ಹಾಕಿ. ನಡೆಯುತ್ತಾ ನೋಡೋಣವೆಂದು ಮತ್ತೆ ಆನ್ ಮಾಡುವುದೇ ಅದನ್ನು ಕೊಲ್ಲುವುದು. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಹಾಲು ಸಕ್ಕರೆ ಹೋಗುವುದಿಲ್ಲ, ಅಕ್ಕಿಯ ಹುಡಿ ಒಳಗೆ ಸೇರುತ್ತದೆ ಅಷ್ಟೆ.

ಬೋರ್ಡು ನಿಜವಾಗಿಯೂ ಹೋಗುವುದುಂಟು. 2008ರಲ್ಲಿ ಎನ್ವಿಡಿಯಾ ಕಂಪನಿಯೇ ತನ್ನ ಕೆಲವು ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್‌ಗಳು ಶಾಖಕ್ಕೆ ಸೋಲುತ್ತಿವೆ ಎಂದು ಒಪ್ಪಿಕೊಂಡು, ಅದರ ಖರ್ಚಿಗೆಂದು 15ರಿಂದ 20 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಬಿಸಿಯಾಗಿ ತಣ್ಣಗಾಗಿ ಬಿಸಿಯಾಗಿ, ಚಿಪ್ಪಿನ ಅಡಿಯ ಬೆಸುಗೆ ಬಿರುಕು ಬಿಡುತ್ತಿತ್ತು. ಆ ಕಾಲದಲ್ಲೇ ಬಿಸಿಗಾಳಿ ಊದಿ ಚಿಪ್ ಸರಿಮಾಡುವ ‘ಹೀಟಿಂಗ್’ ವಿದ್ಯೆ ಊರೆಲ್ಲ ಹಬ್ಬಿತು. ಈಗಲೂ ಮಾಡುವವರಿದ್ದಾರೆ. ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ನಡೆದು ಮತ್ತೆ ಕಪ್ಪಾಗುತ್ತದೆ. ಅದನ್ನು ನಾನು ರಿಪೇರಿ ಎನ್ನುವುದಿಲ್ಲ. ಫೈಲು ತೆಗೆದುಕೊಳ್ಳಲು ಸಿಗುವ ವಾಯಿದೆ ಎಂದುಕೊಂಡರೆ ಮಾತ್ರ ಮಾಡಿಸಿ.

ಫೈಲಿನ ವಿಚಾರಕ್ಕೇ ಜನ ಹೆಚ್ಚು ಹೆದರುವುದು. ಮಗಳ ಮದುವೆ ಫೋಟೊ, ಅರ್ಧ ಬರೆದ ಆತ್ಮಕಥೆ, ಟ್ಯಾಕ್ಸ್ ಲೆಕ್ಕ. ಪರದೆ ಕಪ್ಪಾದರೆ ಅವು ಎಲ್ಲಿಗೂ ಹೋಗುವುದಿಲ್ಲ, ಬೇರೆಯೇ ಆದ ಡಿಸ್ಕಿನಲ್ಲಿರುತ್ತವೆ. ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಆ ಡಿಸ್ಕ್ ಕಳಚಿ ಬೇರೆ ಕಂಪ್ಯೂಟರಿಗೆ ಹಾಕಬಹುದು. ‘ಡಿಸ್‌ಪ್ಲೇ ಸರಿ ಮಾಡೋಕೆ ಫಾರ್ಮ್ಯಾಟ್ ಮಾಡ್ಬೇಕು’ ಎಂದವರಿಗೆ ಯಾಕೆ ಎಂದು ಕೇಳಿ. ಮುಖ್ಯ ಕಾಗದಪತ್ರಗಳಿದ್ದರೆ ಡಿಸ್ಕನ್ನು ಬಿಚ್ಚಿಸಿ ಮನೆಗೆ ತೆಗೆದುಕೊಂಡು ಹೋಗಿ, ಯಾವ ಪ್ರಾಮಾಣಿಕ ರಿಪೇರಿಯವನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬದಲಾಯಿಸಿದ ಹಳೆಯ ಭಾಗವನ್ನೂ ಕೇಳಿ ಪಡೆಯಿರಿ.

ಒಂದು ತೊಡಕು ಮಾತ್ರ ಹೊಸದು. ವಿಂಡೋಸ್ 11ರ ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ತಾನಾಗಿಯೇ ಬಿಟ್‌ಲಾಕರ್ ಬೀಗ ಬಿದ್ದಿರುತ್ತದೆ. ಬೋರ್ಡು ಬದಲಾದರೆ ಅಥವಾ ಡಿಸ್ಕನ್ನು ಬೇರೆಡೆ ಹಾಕಿದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದಿಲ್ಲದಿದ್ದರೆ ನಾನಲ್ಲ, ಎಸ್.ಪಿ. ರೋಡಿನ ಯಾರೂ ತೆಗೆದುಕೊಡಲಾರರು. ನಿಮ್ಮ ಮೈಕ್ರೋಸಾಫ್ಟ್ ಖಾತೆಯೊಳಗೆ ಆ ಕೀ ಸಾಮಾನ್ಯವಾಗಿ ಇರುತ್ತದೆ. ಇವತ್ತೇ, ಪರದೆ ಬೆಳಗುತ್ತಿರುವಾಗಲೇ, ಅದನ್ನು ಒಂದು ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಜತೆ ಬೀರುವಿನಲ್ಲಿಡಿ.